ಕಡಲ ದಂಡೆಯ ಎರಡು ಗುಡಿಗಳು

ವಿಯೆನ್ನಾ ನಗರದಲ್ಲಿರುವ ಆಸ್ಟ್ರಿಯಾದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಒಂದು ಹಳೆಯ ಭೂಪಟವಿದೆ. ಸುಮಾರು ಆರೂಮುಕ್ಕಾಲು ಮೀಟರ್ ಉದ್ದ, ಒಂದಡಿಗಿಂತ ತುಸು ಹೆಚ್ಚು ಅಗಲ. ಕ್ರಿ.ಶ. 1200ರ ಆಸುಪಾಸಿನಲ್ಲಿ ಯಾರೋ ಒಬ್ಬ ನಕಲುಗಾರ, ತನಗಿಂತ ಎಷ್ಟೋ ಶತಮಾನ ಹಳೆಯದಾದ ರೋಮನ್ ಪಟವೊಂದರ ಪ್ರತಿಯನ್ನು ಮುಂದಿಟ್ಟುಕೊಂಡು ಇದನ್ನು ಚರ್ಮದ ಸುರುಳಿಯ ಮೇಲೆ ಬರೆದ. ಹದಿನಾರನೆಯ ಶತಮಾನದಲ್ಲಿ ಅದು ಕೊನ್ರಾಡ್ ಪಾಯ್ಟಿಂಗರ್ ಎಂಬ ಜರ್ಮನ್ ವಿದ್ವಾಂಸನ ಕೈಸೇರಿದ್ದರಿಂದ ಇಂದಿಗೂ ಪಾಯ್ಟಿಂಗರ್ ಪಟವೆಂದೇ ಪ್ರಸಿದ್ಧವಾಗಿದೆ. ರಸ್ತೆಗಳನ್ನೂ ಊರುಗಳನ್ನೂ ಒಂದು ಉದ್ದನೆಯ ಪಟ್ಟಿಯಲ್ಲಿ ಹಿಡಿಸಬೇಕಾದ್ದರಿಂದ ದೇಶಗಳೆಲ್ಲ ಅದರಲ್ಲಿ ಚಪ್ಪಟೆಯಾಗಿ, ಹಿಗ್ಗಿ, ನಮ್ಮ ಕಣ್ಣಿಗೆ ಗುರುತೇ ಸಿಗದಂತಾಗಿವೆ. ಬಲತುದಿಯಲ್ಲಿ, ಲೋಕ ಇನ್ನೇನು ಮುಗಿಯಿತು ಎನ್ನುವಲ್ಲಿ, ಭಾರತವಿದೆ. ಅಲ್ಲಿ ಮುಜಿರಿಸ್ ಎಂಬ ಊರಿನ ಹೆಸರು, ಪಕ್ಕದಲ್ಲಿ ಒಂದು ಸರೋವರ, ಸರೋವರದ ಬದಿಗೆ ಪುಟ್ಟ ಕಟ್ಟಡವೊಂದರ ಚಿತ್ರ. ಕಟ್ಟಡದ ಹತ್ತಿರ ಲ್ಯಾಟಿನ್ ಭಾಷೆಯ ಎರಡು ಪದಗಳು: ಟೆಂಪ್ಲುಮ್ ಅಗಸ್ಟಿ. ಅಗಸ್ಟಸನ ಗುಡಿ.

ರೋಮನ್ನರ ಗುಡಿಗಳ ಅವಶೇಷಗಳನ್ನು ನೋಡಬೇಕೆಂದರೆ ಸಾಮಾನ್ಯವಾಗಿ ಇಟಲಿಗೋ, ಲೆಬನಾನಿಗೋ, ಲಿಬಿಯಾದ ಕಡಲತಡಿಯ ಲೆಪ್ಟಿಸ್ ಮ್ಯಾಗ್ನಾಕ್ಕೋ ಹೋಗಬೇಕು. ಅಂಥದೊಂದು ಗುಡಿ ಕೇರಳದ ಕರಾವಳಿಯಲ್ಲಿತ್ತು, ಅಂದರೆ ಹೈದರಾಬಾದಿನಿಂದ ಒಂದು ಹಗಲು ಒಂದು ಇರುಳು ರೈಲಿನಲ್ಲಿ ಕುಳಿತರೆ ತಲುಪಬಹುದಾದ ದೂರದಲ್ಲಿತ್ತು ಎಂಬ ಸಂಗತಿ ನಮ್ಮ ಬಳಗದವರನ್ನು ಬಹಳ ಕಾಲದಿಂದ ಕಾಡುತ್ತಿತ್ತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಅದೇ ಕಾಲದ, ಅದೇ ಸಮುದ್ರದ ದಂಡೆಯ ಮತ್ತೊಂದು ಗುಡಿಯ ಪ್ರಸ್ತಾಪ ಒಂದು ಗ್ರೀಕ್ ಪ್ರಹಸನದಲ್ಲಿದೆ. ಆ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೆಂದು ನಮ್ಮಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಹೇಳಿಕೊಂಡು ಬರಲಾಗಿದೆ. ಎರಡನ್ನೂ ಒಂದೇ ಪ್ರವಾಸದಲ್ಲಿ ಹುಡುಕಬಹುದೆಂದು ನಿಶ್ಚಯಿಸಿ, ಬೇಗಂಪೇಟೆಯ ಸುತ್ತಮುತ್ತಲ ಕಚೇರಿಗಳಲ್ಲಿ ಕೆಲಸ ಮಾಡುವ ನಾವು ನಾಲ್ವರು, ಎಲ್‌ಟಿಸಿಯ ಕಂತು ತೀರುವುದರೊಳಗೆ ರಜೆ ಹೊಂದಿಸಿಕೊಂಡು ಸಿಕಂದರಾಬಾದಿನಲ್ಲಿ ಶಬರಿ ಎಕ್ಸ್‌ಪ್ರೆಸ್ ಹತ್ತಿದೆವು.

ಚಕ್ರವರ್ತಿಯ ಹೆಸರಿನ ಗುಡಿ ಪರದೇಶದ ಬಂದರಿನಲ್ಲಿ ಏಕಿರಬೇಕು ಎಂಬ ಪ್ರಶ್ನೆಗೆ ಉತ್ತರ ಗಾಳಿಯಲ್ಲಿದೆ. ಕ್ರಿಸ್ತಶಕದ ಆರಂಭದ ವೇಳೆಗೆ ಈಜಿಪ್ಟು ರೋಮಿನ ಪ್ರಾಂತ್ಯವಾಗಿತ್ತು. ಅಲ್ಲಿನ ಕೆಂಪುಸಮುದ್ರದ ಬಂದರುಗಳಿಂದ ನಡುಬೇಸಿಗೆಯಲ್ಲಿ ಹೊರಟ ಹಡಗುಗಳು ನೈಋತ್ಯ ಮಾರುತವನ್ನು ಬೆನ್ನಿಗಿಟ್ಟುಕೊಂಡು ನೇರ ಸಮುದ್ರ ದಾಟುತ್ತಿದ್ದವು. ಕೆಂಪುಸಮುದ್ರದ ಬಾಗಿಲಿನಲ್ಲಿರುವ ಒಕೆಲಿಸ್‌ನಿಂದ ಮುಜಿರಿಸ್‌ಗೆ ನಲವತ್ತು ದಿನಗಳ ಹಾದಿ ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಬಂದದ್ದೇನೋ ಬಂದಾಯಿತು, ಹಿಂದಿರುಗಲು ಎದುರು ದಿಕ್ಕಿನ ಗಾಳಿ ಬೇಕು. ಅದು ಬೀಸುವುದು ಚಳಿಗಾಲದಲ್ಲಿ. ನಡುವಿನ ತಿಂಗಳುಗಳನ್ನು ನಾವಿಕರೂ ವರ್ತಕರೂ ಇಲ್ಲಿಯೇ ಕಳೆಯಬೇಕಿತ್ತು. ಸರಕನ್ನು ಕೂಡಿಡಲು, ಮೆಣಸಿನ ಬೆಲೆ ಮಾತಾಡಲು ವರ್ಷವಿಡೀ ಇಲ್ಲಿಯೇ ಇರುವ ಗುಮಾಸ್ತರೂ ಇದ್ದಿರಬೇಕು. ಪರಸ್ಥಳದಲ್ಲಿ ಹತ್ತು ಮನೆಗಳವರು ಸೇರಿದರೆ ಮೊದಲು ಏನು ಕಟ್ಟಿಕೊಳ್ಳುತ್ತಾರೆಂಬುದನ್ನು ಹೊರನಾಡ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ನಾವು ಗಣೇಶೋತ್ಸವದ ಪೆಂಡಾಲಿನಿಂದಲೋ ರಾಜ್ಯೋತ್ಸವದ ಬಾಡಿಗೆ ಸಭಾಂಗಣದಿಂದಲೋ ಆರಂಭಿಸುತ್ತೇವೆ. ಸತ್ತ ಮೇಲೆ ದೇವರೆನಿಸಿಕೊಂಡಿದ್ದ ಚಕ್ರವರ್ತಿಗೆ ರೋಮನ್ನರು ತಾವು ಹೋದಹೋದಲ್ಲಿ ಗುಡಿ ಕಟ್ಟಿದರು.

ಆದರೆ ಈ ಸಾಕ್ಷ್ಯ ಎಷ್ಟು ಗಟ್ಟಿ? ಭಾರತದ ಬಂದರುಗಳನ್ನು ಒಂದೊಂದಾಗಿ ಹೆಸರಿಸಿ, ಎಲ್ಲಿ ಯಾವ ಸರಕು ಸಿಗುತ್ತದೆಂದು ವ್ಯಾಪಾರಿಯ ಕಣ್ಣಿನಿಂದ ಬರೆದಿಟ್ಟ ಮೊದಲನೆಯ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ಕೈಪಿಡಿ ಮುಜಿರಿಸ್ಸಿನ ಹಡಗುಗಳನ್ನು ಹೊಗಳುತ್ತದೆ, ಗುಡಿಯ ಮಾತೆತ್ತುವುದಿಲ್ಲ. ಯವನರು ಚಿನ್ನದೊಂದಿಗೆ ಬಂದು ಮೆಣಸಿನೊಂದಿಗೆ ಮರಳುತ್ತಿದ್ದ ಮುಚಿರಿಯನ್ನು ಬಣ್ಣಿಸುವ ತಮಿಳಿನ ಸಂಗಂ ಕವಿಗಳೂ ಅದನ್ನು ಹೇಳುವುದಿಲ್ಲ. ಪ್ಲಿನಿಯೂ ಹೇಳುವುದಿಲ್ಲ. ಉಳಿದಿರುವುದು ನಕಲಿನ ನಕಲಿನಲ್ಲಿರುವ ಆ ಪುಟ್ಟ ಚಿತ್ರವೊಂದೇ. ಪಟ ಬರೆದವನು ರೋಮನ್ ವಸಾಹತು ಎಂದೊಡನೆ ಅಭ್ಯಾಸಬಲದಿಂದ ಒಂದು ಗುಡಿ ಬರೆದಿದ್ದರೂ ಆಶ್ಚರ್ಯವಿಲ್ಲ ಎನ್ನುವವರಿದ್ದಾರೆ. ನಮಗೆ ಆ ವಾದ ಪೂರ್ತಿ ಒಪ್ಪಿಗೆಯಾಗದು. ಅಭ್ಯಾಸಬಲವೇ ಆಗಿದ್ದರೆ ಭಾರತದ ಉಳಿದ ಬಂದರುಗಳ ಪಕ್ಕದಲ್ಲೂ ಗುಡಿ ಮೂಡಬೇಕಿತ್ತು. ಅವನು ಮುಜಿರಿಸ್ ಒಂದಕ್ಕೇ ಅದನ್ನು ಕೊಟ್ಟಿದ್ದಾನೆ.

ಇಂದು ಮುಜಿರಿಸ್ ಎಂದು ಬಹುಮಂದಿ ಗುರುತಿಸುವ ಸ್ಥಳ ಎರ್ನಾಕುಲಂ ಜಿಲ್ಲೆಯ ಉತ್ತರ ಪರವೂರಿನ ಸಮೀಪದ ಪಟ್ಟಣಂ ಎಂಬ ಹಳ್ಳಿ. ಬಂದರಿನ ನೆನಪು ಹೆಸರಿನಲ್ಲಿಯೇ ಉಳಿದುಕೊಂಡಿದೆಯಲ್ಲ ಎಂದು ನಾವು ಬಸ್ಸಿನಲ್ಲಿ ಮಾತಾಡಿಕೊಂಡೆವು. ಇಳಿದು ನೋಡಿದರೆ ಕಡಲು ಕಾಣದು. ಪೆರಿಯಾರ್ ನದಿ ತನ್ನ ಪಾತ್ರವನ್ನು ಬದಲಿಸುತ್ತ, ಹೂಳು ತುಂಬುತ್ತ ದಂಡೆಯನ್ನು ಪಶ್ಚಿಮಕ್ಕೆ ಕಿಲೋಮೀಟರುಗಟ್ಟಲೆ ತಳ್ಳಿಬಿಟ್ಟಿದೆ. 1341ರ ಮಹಾಪ್ರವಾಹ ಈ ಭಾಗದ ಬಂದರಿನ ಬಾಯನ್ನೇ ಮುಚ್ಚಿ ಕೊಚ್ಚಿಯ ಕಡೆಗೆ ಹೊಸ ಬಾಗಿಲು ತೆರೆಯಿತೆಂಬುದು ರೂಢಿಯ ಇತಿಹಾಸ. ತೆಂಗಿನ ತೋಟ, ಜಾಯಿಕಾಯಿಯ ಮರ, ಹಂಚಿನ ಮನೆ, ತಾರಸಿ ಮನೆ, ಅಂಗಳದಲ್ಲಿ ಒಣಹಾಕಿದ ಬಟ್ಟೆ. ಅವಶೇಷವೆನ್ನಬಹುದಾದ ಒಂದು ಕಂಬ, ಒಂದು ಮೆಟ್ಟಿಲು ಕಣ್ಣಿಗೆ ಬೀಳಲಿಲ್ಲ. ಕೇರಳ ಇತಿಹಾಸ ಸಂಶೋಧನಾ ಮಂಡಳಿಯವರು 2007ರಿಂದ ಹಲವು ವರ್ಷ ಇಲ್ಲಿ ಉತ್ಖನನ ನಡೆಸಿದರು. ಅಗೆದ ಗುಂಡಿಗಳನ್ನು ಪುರಾತತ್ತ್ವದ ಪದ್ಧತಿಯಂತೆ ಮತ್ತೆ ಮುಚ್ಚಿದ್ದಾರೆ. ನಾವು ನಿಂತ ಮನೆಯ ಅಂಗಳದಲ್ಲಿದ್ದ ಹಿರಿಯ ಹೆಂಗಸೊಬ್ಬರನ್ನು, ನಮ್ಮಲ್ಲಿ ಮಲಯಾಳಂ ಬಲ್ಲ ಕಾಸರಗೋಡಿನ ಮಿತ್ರರು ಮಾತಾಡಿಸಿದರು. "ಏನು ನೋಡಲು ಬಂದಿರಿ ಮಕ್ಕಳೇ, ಎಲ್ಲ ಮಣ್ಣಿನ ಕೆಳಗಿದೆ" ಎಂದು ಅವರು ನಕ್ಕರು. ಜೋರು ಮಳೆ ಬಂದ ಮರುದಿನ ಬಣ್ಣದ ಕಲ್ಲುಮಣಿಗಳು ತಾವಾಗಿ ಮೇಲೆ ಬರುತ್ತಿದ್ದುವಂತೆ. ಮಕ್ಕಳು ಆರಿಸಿ ಆಡುತ್ತಿದ್ದರಂತೆ.

ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಬಳಿ, 1897ರಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜಂತುವನ್ನು ಕಂಡ ಕಟ್ಟಡ ಇವತ್ತಿಗೂ ನಿಂತಿದೆ. ಅದರ ಮುಂದಿನಿಂದ ದಿನವೂ ಹಾದುಹೋಗುವ ನಾವು, ಘಟನೆ ನಡೆದಲ್ಲಿ ಒಂದು ಗೋಡೆಯಾದರೂ ಇರಬೇಕೆಂದು ನಿರೀಕ್ಷಿಸಲು ಕಲಿತುಬಿಟ್ಟಿದ್ದೇವೆ. ಪಟ್ಟಣಂ ಆ ನಿರೀಕ್ಷೆಯನ್ನು ಕೈಬಿಡುವಂತೆ ಮಾಡುತ್ತದೆ. ನೆಲದಡಿಯಿಂದ ಬಂದದ್ದೇನು ಸಣ್ಣದಲ್ಲ. ಮೆಡಿಟರೇನಿಯನ್ ಸೀಮೆಯಿಂದ ದ್ರಾಕ್ಷಾರಸವನ್ನೂ ಆಲಿವ್ ಎಣ್ಣೆಯನ್ನೂ ಹೊತ್ತು ತಂದ ಎರಡು ಹಿಡಿಯ ಆಂಫೋರಾ ಕೊಡಗಳ ಸಾವಿರಾರು ಚೂರುಗಳು ಸಿಕ್ಕಿವೆ. ಇಟ್ಟಿಗೆಯ ಕಟ್ಟೆಯೊಂದರ ಪಕ್ಕದ ಕೆಸರಿನಲ್ಲಿ ಒಂದೇ ಮರವನ್ನು ಕೊರೆದು ಮಾಡಿದ, ಸುಮಾರು ಆರು ಮೀಟರ್ ಉದ್ದದ ದೋಣಿ ಸಿಕ್ಕಿದೆ. ಮರ ಆಂಜಿಲಿ, ಅಂದರೆ ನಮ್ಮ ಹೆಬ್ಬಲಸು. ದೋಣಿ ಕಟ್ಟಲು ನೆಟ್ಟ ತೇಗದ ಗೂಟಗಳು ಹಾಗೆಯೇ ನಿಂತಿದ್ದವು. ಈ ದೋಣಿಯ ವಿಷಯ ಓದಿದಾಗ ನಮಗೆ ನೆನಪಾದದ್ದು ಪ್ಲಿನಿಯ ಗೊಣಗು. ಮುಜಿರಿಸ್ ಅಷ್ಟೇನೂ ಒಳ್ಳೆಯ ಬಂದರಲ್ಲ, ಹಡಗುಗಳು ನೆಲದಿಂದ ಬಹುದೂರ ಲಂಗರು ಹಾಕಬೇಕು, ಸರಕನ್ನೆಲ್ಲ ಚಿಕ್ಕ ದೋಣಿಗಳಲ್ಲಿ ಸಾಗಿಸಬೇಕು ಎಂದು ಅವನು ದೂರಿದ್ದಾನೆ. ಹತ್ತೊಂಬತ್ತು ಶತಮಾನಗಳ ಹಿಂದಿನ ಒಂದು ವಾಕ್ಯಕ್ಕೆ ಕೆಸರಿನಿಂದೆದ್ದ ಒಂದು ಹೆಬ್ಬಲಸಿನ ದೋಣಿ ಸಾಕ್ಷಿ ನುಡಿಯುವುದು ಇತಿಹಾಸದಲ್ಲಿ ಅಪರೂಪದ ಸುಖ.

ಅಗಸ್ಟಸನ ಗುಡಿಯ ಪರವಾಗಿ ಇಂಥ ದೋಣಿ ಈವರೆಗೆ ಎದ್ದು ಬಂದಿಲ್ಲ. ಅಗೆದಿರುವುದು ದಿಬ್ಬದ ಅತಿ ಚಿಕ್ಕ ಭಾಗ ಎಂಬುದೂ ನಿಜ.

ಗುಡಿ ಸಿಗದಿದ್ದರೂ ಅಗಸ್ಟಸನ ಮುಖವಂತೂ ದಕ್ಷಿಣ ಭಾರತದಲ್ಲಿ ಧಾರಾಳವಾಗಿ ಸಿಕ್ಕಿದೆ. ಭಾರತ ವರ್ಷವರ್ಷವೂ ನಮ್ಮಿಂದ ಐದು ಕೋಟಿ ಸೆಸ್ಟರ್ಸ್ ಹಣ ಹೀರಿಕೊಳ್ಳುತ್ತಿದೆ ಎಂದು ಪ್ಲಿನಿ ಹಲುಬಿದ್ದನಷ್ಟೆ. ಆ ಹಣದ ಒಂದಂಶ ನೆಲದಲ್ಲಿ ಹೂತು ಉಳಿಯಿತು. ಇದಕ್ಕಾಗಿ ನಾವು ಕೇರಳದವರೆಗೆ ಹೋಗಬೇಕಾಗಿಯೇ ಇರಲಿಲ್ಲ. ನಲ್ಗೊಂಡ ಜಿಲ್ಲೆಯ ಅಕ್ಕನ್‌ಪಲ್ಲೆಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ನಾಣ್ಯಗಳ ದೊಡ್ಡ ನಿಧಿಯೇ ಸಿಕ್ಕಿತ್ತು. ಸಂಗಾರೆಡ್ಡಿಯ ಕಡೆಯ ಕೊಂಡಾಪುರದಲ್ಲಿ (ಐಟಿ ಕಂಪನಿಗಳ ಕೊಂಡಾಪುರವಲ್ಲ, ಶಾತವಾಹನರ ಕೊಂಡಾಪುರ) 1940ರ ದಶಕದ ಆರಂಭದಲ್ಲಿ ನಿಜಾಮ್ ಸರ್ಕಾರದ ಪುರಾತತ್ತ್ವ ಇಲಾಖೆ ಅಗೆದಾಗ ರೋಮಿನೊಂದಿಗಿನ ನಂಟಿನ ಕುರುಹುಗಳು ಹೊರಬಂದವು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ಬೆಳ್ಳಿ ನಾಣ್ಯಗಳು, ಎಚ್‌ಎಎಲ್ ಪ್ರದೇಶದಲ್ಲಿ 1965ರಲ್ಲಿ ಒಂದು ಮಡಕೆಯೊಳಗೆ 256 ನಾಣ್ಯಗಳು ದೊರೆತವು. ಈ ಊರುಗಳಲ್ಲಿ ಯಾವುದಕ್ಕೂ ಕಡಲಿಲ್ಲ. ಮೆಣಸಿಗೆ, ರತ್ನಗಳಿಗೆ, ಬಟ್ಟೆಗೆ ತೆತ್ತ ಹಣ ಘಟ್ಟ ಹತ್ತಿ ಒಳನಾಡಿಗೆ ನಡೆದಿದೆ.

ಈ ನಾಣ್ಯಗಳಲ್ಲಿ ಕೆಲವನ್ನು ಹತ್ತಿರದಿಂದ ನೋಡಿದವರು ಒಂದು ವಿಚಿತ್ರವನ್ನು ಗಮನಿಸಿರುತ್ತಾರೆ. ಚಕ್ರವರ್ತಿಯ ಕೆನ್ನೆಯ ಮೇಲೆ ಉಳಿಯಿಂದ ಹೊಡೆದ ಆಳವಾದ ಗಾಯ. 1898ರಲ್ಲಿ ಪುದುಕ್ಕೋಟ್ಟೈಯಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವು ಹೀಗೆ ಕಡಿಸಿಕೊಂಡವು. ನಾಣ್ಯವನ್ನು ಚಲಾವಣೆಯಿಂದ ತೆಗೆದು ಬರೀ ಲೋಹವಾಗಿ ಕಾಣಲು ಹಾಗೆ ಕಡಿದರೆಂದು ಕೆಲವರು, ಒಳಗೆ ನಿಜವಾಗಿ ಚಿನ್ನವೇ ಇದೆಯೇ ಎಂದು ಪರೀಕ್ಷಿಸಲು ಎಂದು ಕೆಲವರು ಹೇಳುತ್ತಾರೆ. ಎರಡರಲ್ಲಿ ಯಾವುದಾದರೂ ಸರಿ, ಉಳಿ ಹಿಡಿದವನಿಗೆ ಆ ಮುಖದ ದೈವತ್ವದ ಬಗ್ಗೆ ಯಾವ ಅಳುಕೂ ಇರಲಿಲ್ಲ. ಒಂದೇ ಸೀಮೆಯಲ್ಲಿ ಒಬ್ಬ ಪರದೇಶಿ ಅಗಸ್ಟಸನ ಗುಡಿಗೆ ಕೈಮುಗಿಯುತ್ತಿರುವಾಗ ಒಬ್ಬ ದೇಶಿ ಅಕ್ಕಸಾಲಿ ಅದೇ ಮುಖದ ಮೇಲೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದ ಚಿತ್ರ ನಮಗೆ ಪಾಯ್ಟಿಂಗರ್ ಪಟಕ್ಕಿಂತ ಹೆಚ್ಚು ನಂಬುವಂಥದಾಗಿ ಕಾಣುತ್ತದೆ.

ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗಸ್ಟಸ್ ಮತ್ತು ಟೈಬೀರಿಯಸರ ನಾಣ್ಯಗಳು ಸಿಕ್ಕವು. ಅಲ್ಲಿ ಮೊದಲು ಶಾಸ್ತ್ರೀಯವಾಗಿ ಅಗೆಸಿದವರು ಮೈಸೂರಿನ ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ. 1936ರಲ್ಲಿ ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದವರೂ ಅವರೇ. ಸುಮಾರು ಕ್ರಿ.ಶ. 450ರ ಆ ಶಾಸನ ಕನ್ನಡದ ಅತ್ಯಂತ ಹಳೆಯ ಪೂರ್ಣ ಬರಹಗಳಲ್ಲೊಂದೆಂದು ಮನ್ನಣೆ ಪಡೆದದ್ದು ಸರ್ವವಿದಿತ. ಆದರೆ ಮನುಷ್ಯನ ಮನಸ್ಸು 450ಕ್ಕೆ ತೃಪ್ತವಾಗುವುದಿಲ್ಲ. ಅದರಲ್ಲೂ ಪಕ್ಕದ ಮನೆಯಲ್ಲಿ ಸಂಗಂ ಸಾಹಿತ್ಯವಿರುವಾಗ. ಹಲ್ಮಿಡಿಗಿಂತ ಮುನ್ನೂರು ವರ್ಷ ಹಿಂದಕ್ಕೆ ಕನ್ನಡವನ್ನು ಒಯ್ಯಬಹುದೆಂಬ ಆಸೆ ಹುಟ್ಟಿಸಿದ್ದು ನಮ್ಮ ಎರಡನೆಯ ಗುಡಿ.

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ತಿಪ್ಪೆಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು ರಾಶಿ ರಾಶಿ ಪಪೈರಸ್ ಹಾಳೆಗಳನ್ನು ಹೆಕ್ಕಿದರು. ಅವುಗಳಲ್ಲಿ 413ನೆಯ ಸಂಖ್ಯೆಯ, ಸುಮಾರು ಎರಡನೆಯ ಶತಮಾನದ ಹಾಳೆಯನ್ನು 1903ರಲ್ಲಿ ಪ್ರಕಟಿಸಿದರು. ಅದೊಂದು ಪ್ರಹಸನ. ಖಾರಿಟಿಯೋನ್ ಎಂಬ ಗ್ರೀಕ್ ತರುಣಿ ಭಾರತದ ಕಡಲತಡಿಯಲ್ಲಿ ಚಂದ್ರದೇವಿಯ ಗುಡಿಯಲ್ಲಿ ಸೆರೆಯಾಗಿದ್ದಾಳೆ. ಅವಳ ಅಣ್ಣ ಸಂಗಡಿಗರೊಂದಿಗೆ ಹಡಗಿನಲ್ಲಿ ಬಂದಿದ್ದಾನೆ. ಭಾರತೀಯ ಅರಸನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅವರು ಅಮಲೇರಿ ಕುಣಿಯುತ್ತಿರುವಾಗ ಕಟ್ಟಿಹಾಕಿ, ಎಲ್ಲರೂ ಹಡಗೇರಿ ಪಾರಾಗುತ್ತಾರೆ. ನಡುವೆ ಒಬ್ಬ ವಿದೂಷಕ. ಅವನ ಮುಖ್ಯ ಆಯುಧ ಅಪಾನವಾಯು, ಶತ್ರುಗಳನ್ನು ಅದರಿಂದಲೇ ಓಡಿಸುತ್ತಾನೆ. ಎಲ್ಲಿ ತಮಟೆ ಬಾರಿಸಬೇಕು, ಎಲ್ಲಿ ಆ ಸದ್ದು ಹೊರಡಿಸಬೇಕು ಎಂಬ ಸೂಚನೆಗಳೂ ಹಾಳೆಯಲ್ಲಿವೆ. ಹೊರಡುವ ಮೊದಲು ದೇವಿಯ ಕಾಣಿಕೆಗಳನ್ನು ಕದ್ದೊಯ್ಯೋಣವೆಂದು ವಿದೂಷಕ ಹೇಳಿದರೆ, ಖಾರಿಟಿಯೋನ್ ಒಪ್ಪುವುದಿಲ್ಲ. ನಮ್ಮ ಸಭೆಗಳಲ್ಲಿ ಈ ಪ್ರಹಸನದ ಹೆಸರನ್ನು ಗಂಭೀರವಾಗಿ ಎತ್ತುವ ಭಾಷಣಕಾರರು ವಿದೂಷಕನ ಆಯುಧದ ವಿಷಯವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಅರಸನೂ ಪರಿವಾರದವರೂ ಆಡುವ ಮಾತು ಗ್ರೀಕ್ ಲಿಪಿಯಲ್ಲಿದೆ, ಆದರೆ ಗ್ರೀಕ್ ಅಲ್ಲ. 1904ರಲ್ಲಿ, ದಕ್ಷಿಣ ಭಾರತದ ಶಾಸನಗಳ ಸಂಪಾದನೆಯಲ್ಲಿ ಪಳಗಿದ್ದ ಜರ್ಮನ್ ವಿದ್ವಾಂಸ ಹುಲ್ಟ್ಸ್ ಅದರಲ್ಲಿ ಕನ್ನಡದ ದನಿ ಕೇಳಿಸುತ್ತದೆ ಎಂದರು. 1920ರ ದಶಕದಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಮುಂದುವರಿಸಿ, ಕುಡಿತದ ಸನ್ನಿವೇಶದ ಮಾತುಗಳನ್ನು ಬಿಡಿಸಿ 'ಬೇರೆ', 'ಕೊಂಚ', 'ಮಧು', 'ಪಾತ್ರ' ಮುಂತಾದ ಪದಗಳನ್ನು ಅಲ್ಲಿ ಕಂಡರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಓಲೆಗರಿಯಿಂದೆತ್ತಿ ಲೋಕಕ್ಕೆ ಕೊಟ್ಟ ಮಹನೀಯರ ಮಾತೆಂದ ಮೇಲೆ ಅದಕ್ಕೆ ತೂಕ ಬಂದದ್ದು ಸಹಜ. 1926ರಲ್ಲಿ ಲಂಡನ್ನಿನ ಬಾರ್ನೆಟ್ ಈ ಓದನ್ನು ತಿರಸ್ಕರಿಸಿದರು. ಬಾರ್ನೆಟ್ ಕನ್ನಡ ಬಾರದವರಲ್ಲ. ಕನ್ನಡ ಶಾಸನಗಳನ್ನು ಸಂಪಾದಿಸಿದವರು. ಅನಂತರ ಅದು ತುಳು ಎಂಬ ವಾದವೂ ಬಂತು. ಹಾಳೆಯಲ್ಲಿ 'ಮಲ್ಪಿನಿಯಕ್' ಎಂದು ಕೇಳಿಸುವ ಅಕ್ಷರಗಳ ಗುಂಪೊಂದಿದೆ. ಅದು ಉಡುಪಿಯ ಬಳಿಯ ಮಲ್ಪೆಯ ನಾಯಕನೇ ಸರಿ ಎಂದು ಹೇಳಲಾಯಿತು.

ನಾವು ಮುಜಿರಿಸ್ಸಿನಿಂದ ಉತ್ತರಕ್ಕೆ ಕರಾವಳಿಯುದ್ದಕ್ಕೂ ರೈಲಿನಲ್ಲಿ ಬರುತ್ತ, ಕಾಸರಗೋಡು, ಮಂಜೇಶ್ವರಗಳನ್ನು ದಾಟುತ್ತ ಚರ್ಚಿಸಿದ್ದು ಇದನ್ನೇ. ಪರವಾಗಿರುವ ಸಂಗತಿ ಒಂದಿದೆ: ಮದ್ಯಪಾನದ ಸನ್ನಿವೇಶದಲ್ಲಿ ಮದ್ಯದ ಮಾತು ಸಿಕ್ಕಿದೆ. ಆದರೆ ಕುಡಿಯುತ್ತಿರುವುದು ಮೊದಲೇ ಗೊತ್ತಿದ್ದವನು ಕುಡಿತದ ಪದಗಳನ್ನು ಹುಡುಕುವುದು ಸುಲಭ. ಗ್ರೀಕ್ ಲಿಪಿಯಲ್ಲಿ 'ದಮುನ್' ಎಂದಿರುವುದು 'ಮಧು' ಆಗಬೇಕಾದರೆ ಅಕ್ಷರಗಳು ಹಿಂದುಮುಂದಾಗಬೇಕು. ವಾಕ್ಯವನ್ನು ಮುಗಿಸಲು 'ಹಾಕಿ' ಎಂಬ ಕ್ರಿಯಾಪದ ಬೇಕಾಗಿ ಬಂದಿದೆ. ಕನ್ನಡದಲ್ಲಿ ಪಕಾರ ಹಕಾರವಾಗಲು ಆರಂಭಿಸಿದ್ದೇ ಹತ್ತನೆಯ ಶತಮಾನದ ಸುತ್ತಮುತ್ತ. ಎರಡನೆಯ ಶತಮಾನದ ಕನ್ನಡಿಗ ಪಾತ್ರೆಗೆ ಏನನ್ನಾದರೂ ಸುರಿದಿದ್ದರೂ 'ಹಾಕಿ' ಸುರಿದಿರಲಾರ. ಹಲ್ಮಿಡಿಯ ಭಾಷೆಯನ್ನು ಒಮ್ಮೆ ಓದಿ ಅನಂತರ ಈ ಓದನ್ನು ನೋಡಿದರೆ, ಮುನ್ನೂರು ವರ್ಷ ಹಿಂದಿನದಾಗಬೇಕಾದ ಮಾತು ಹಲ್ಮಿಡಿಗಿಂತ ನಮ್ಮ ಇಂದಿನ ಮನೆಮಾತಿಗೆ ಹತ್ತಿರವಿರುವುದು ಯಾರಿಗಾದರೂ ಕಾಣುತ್ತದೆ. ಶಾಮಶಾಸ್ತ್ರಿಗಳ ಮೇಲಿನ ಗೌರವಕ್ಕೆ ಕುಂದಿಲ್ಲದೆ ಇಷ್ಟನ್ನು ಹೇಳಬಹುದೆಂದು ನಮ್ಮ ಭಾವನೆ.

ಗುಡಿಯ ವಿಷಯವೂ ಹಾಗೆಯೇ. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಗ್ರೀಕ್ ನಾಟಕಗಳನ್ನು ಭಾಷಾಂತರದಲ್ಲಿ ಓದಿದವರಿಗೆ ಖಾರಿಟಿಯೋನಳ ಕಥೆ ಅಪರಿಚಿತವಲ್ಲ. ಯೂರಿಪಿಡೀಸನ ಇಫಿಜೀನಿಯಾಳೂ ಪರದೇಶದ ಕಡಲತಡಿಯ ದೇವಿಯ ಗುಡಿಯಲ್ಲಿ ಸಿಕ್ಕಿಬಿದ್ದಿರುತ್ತಾಳೆ; ಅಲ್ಲಿಗೂ ಸೋದರ ಬರುತ್ತಾನೆ, ಅಲ್ಲಿಯೂ ಬರ್ಬರ ಅರಸನನ್ನು ವಂಚಿಸಿ ಹಡಗೇರುತ್ತಾರೆ. ಪ್ರಹಸನಕಾರ ಆ ಘನವಾದ ನಾಟಕವನ್ನು ಅಣಕಿಸಿ, ಕಪ್ಪುಸಮುದ್ರದ ದಂಡೆಯ ಗುಡಿಯನ್ನು ಎತ್ತಿ ಭಾರತಕ್ಕೆ ತಂದು ನಿಲ್ಲಿಸಿದ್ದಾನೆ. ಚಂದ್ರನನ್ನು ಹೆಣ್ಣೆಂದು ಪೂಜಿಸುವ ಗುಡಿ ಎಂಬಲ್ಲಿಯೇ ಗುಟ್ಟು ಹೊರಬೀಳುತ್ತದೆ. ನಮ್ಮಲ್ಲಿ ಚಂದ್ರ ಗಂಡು, ತಾರೆಯರ ಗಂಡ, ಮಕ್ಕಳಿಗೆ ಚಂದಮಾಮ. ಸೆಲೆನೆ ಎಂಬ ಚಂದ್ರದೇವಿ ಗ್ರೀಕರವಳು. ಆ ಗುಡಿ ಇದ್ದದ್ದು ಈಜಿಪ್ಟಿನ ರಂಗಸ್ಥಳದ ಮೇಲೆ.

ನಮ್ಮನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದ್ದು ಮತ್ತೊಂದು ಸಂಗತಿ. ಒಂದು ಕ್ಷಣ ಅದು ಕನ್ನಡವೇ ಎಂದು ಇಟ್ಟುಕೊಳ್ಳೋಣ. ಆ ಕನ್ನಡವನ್ನು ಅಲ್ಲಿ ಏಕೆ ಇಟ್ಟಿದ್ದಾರೆ? ನಗಿಸುವುದಕ್ಕೆ. ಕುಡಿದು ತೂರಾಡುವ ಕಪ್ಪು ಮೈಯ ಅರಸನೊಬ್ಬ ಬಾಯಿಗೆ ಬಂದಂತೆ ಬಡಬಡಿಸುತ್ತಾನೆ, ಪ್ರೇಕ್ಷಕರಿಗೆ ಅದರ ಒಂದಕ್ಷರವೂ ತಿಳಿಯಬೇಕಾಗಿಲ್ಲ, ತಿಳಿಯದಿರುವುದೇ ಹಾಸ್ಯ. ಪರಭಾಷೆ ಎಂದರೆ ಅರ್ಥವಿಲ್ಲದ ಸದ್ದು ಎಂಬ ಭಾವನೆಯಿಂದಲೇ ಗ್ರೀಕರ 'ಬರ್ಬರ' ಪದ ಹುಟ್ಟಿತು. ಹೊರನಾಡಿನಲ್ಲಿ ಬಾಳುವ ನಮಗೆ ಈ ನಗು ಹೊಸದಲ್ಲ. ಬಸ್ಸಿನಲ್ಲಿ ಫೋನಿನಲ್ಲಿ ಮನೆಯವರೊಂದಿಗೆ ಮಾತಾಡುವಾಗ ಪಕ್ಕದ ಸೀಟಿನ ಹುಡುಗ ನಮ್ಮ ದನಿಯನ್ನು ಅಣಕಿಸಿ ಗೆಳೆಯನತ್ತ ಕಣ್ಣು ಮಿಟುಕಿಸುವುದನ್ನು ನಾವು ಕಂಡಿದ್ದೇವೆ. ನ್ಯಾಯವಾಗಿ ಹೇಳಬೇಕೆಂದರೆ, ನಮ್ಮ ಹಳೆಯ ಕನ್ನಡ ಚಲನಚಿತ್ರಗಳ ಹಾಸ್ಯ ದೃಶ್ಯಗಳಲ್ಲಿ ನೆರೆಭಾಷೆಯವರಿಗೆ ನಾವು ಮಾಡಿದ್ದೂ ಇದನ್ನೇ. ಹೀಗಿರುವಾಗ, ನಮ್ಮ ಭಾಷೆಯ ಪ್ರಾಚೀನತೆಗೆ ಆಧಾರವಾಗಿ, ನಮ್ಮ ಭಾಷೆ ಕೇಳಿ ನಕ್ಕವರ ಹಾಳೆಯನ್ನು ಹೆಮ್ಮೆಯಿಂದ ಎತ್ತಿ ಹಿಡಿಯುವುದರಲ್ಲಿ ಒಂದು ವಿಚಿತ್ರ ದೈನ್ಯವಿದೆ. ಗ್ರೀಕ್ ರಂಗಭೂಮಿಯೊಂದಿಗೆ ಕನ್ನಡಕ್ಕೆ ನಂಟು ಬೇಕೆಂದರೆ ಬಿ. ಎಂ. ಶ್ರೀಕಂಠಯ್ಯನವರ 'ಅಶ್ವತ್ಥಾಮನ್' ಇದೆ, 'ಪಾರಸಿಕರು' ಇದೆ. ಸಾಫೊಕ್ಲಿಸ್, ಈಸ್ಕಿಲಸರನ್ನು ಅವರ ಗಾಂಭೀರ್ಯ ಕೆಡದಂತೆ ಕನ್ನಡಕ್ಕೆ ಬರಮಾಡಿಕೊಂಡ ಕೃತಿಗಳು. ಕನ್ನಡಕ್ಕೂ ತೆಲುಗಿಗೂ 2008ರ ಅಕ್ಟೋಬರ್ 31ರಂದು ಒಂದೇ ದಿನ ಶಾಸ್ತ್ರೀಯ ಭಾಷೆಯ ಸ್ಥಾನ ಘೋಷಣೆಯಾಯಿತು. ಆ ಸ್ಥಾನಕ್ಕೆ ಶಾಸನಗಳೂ ಕಾವ್ಯಗಳೂ ಸಾಕಷ್ಟಿದ್ದವು.

ಮಲ್ಪೆಗೆ ಹೋದೆವು. ಮೀನುಗಾರಿಕೆಯ ಬಂದರು, ಸಾಲುಗಟ್ಟಿದ ದೋಣಿಗಳು, ಮಂಜುಗಡ್ಡೆಯ ಲಾರಿಗಳು, ದಂಡೆಯ ಹತ್ತಿರ ವಡಭಾಂಡೇಶ್ವರದ ಬಲರಾಮನ ಗುಡಿ. ಅಲ್ಲಿ ಪೂಜೆ ನಡೆಯುತ್ತಿದೆ, ಅದು ಅವಶೇಷವಲ್ಲ. ಪಾಳುಬಿದ್ದ ಗುಡಿಗಳನ್ನು ನೋಡಲೇಬೇಕೆಂಬ ಹಟಕ್ಕೆ ಅಲ್ಲಿಂದ ಬಾರಕೂರಿಗೆ ಹೋಗಿ ಆಳುಪರ ಕಾಲದ ಕತ್ತಲೆ ಬಸದಿಯ ಕಲ್ಲುಕಂಬಗಳ ನಡುವೆ ಒಂದು ಮಧ್ಯಾಹ್ನ 
ಕುಳಿತೆವು. ರೋಮಿನ ಹಡಗುಗಳು ನಿಂತುಹೋಗಿ ಎಷ್ಟೋ ಶತಮಾನಗಳ ಮೇಲೆ ಕಟ್ಟಿದ್ದು. ಈ ಕರಾವಳಿಯ ಬಗ್ಗೆ ಪ್ಲಿನಿ ಹೇಳಿರುವ ಒಂದೇ ಮಾತು, ಮುಜಿರಿಸ್ಸಿಗೆ ಹೋಗುವವರು ನಿತ್ರಿಯಾಸ್ ಎಂಬಲ್ಲಿನ ಕಡಲ್ಗಳ್ಳರಿಗೆ ಹೆದರಬೇಕು ಎಂಬುದು. ನಿತ್ರಿಯಾಸ್ ಎಂದರೆ ನೇತ್ರಾವತಿಯ ಅಳಿವೆ, ಮಂಗಳೂರಿನ ಕಡೆ ಎಂದು ಅನೇಕರ ಊಹೆ. ನಮ್ಮ ದಕ್ಷಿಣ ಕನ್ನಡದ ಮಿತ್ರರು ಇದನ್ನು ಕೇಳಿ ಬೇಸರಪಡಲಿಲ್ಲ. ಕುಡಿದು ಬಡಬಡಿಸುವ ಅರಸನಾಗುವುದಕ್ಕಿಂತ ರೋಮನ್ನರನ್ನು ಹೆದರಿಸಿದ ಕಳ್ಳನಾಗುವುದೇ ವಾಸಿ ಎಂದರು.

ಮಂಗಳೂರಿನಿಂದ ಕಾಚಿಗುಡಕ್ಕೆ ಮರಳುವ ರೈಲಿನಲ್ಲಿ ನಮ್ಮೊಳಗೊಬ್ಬರು, ಗುಡಿ ನೋಡಲು ನಾವು ತಪ್ಪು ದಂಡೆಗೆ ಬಂದೆವೇನೋ ಎಂದು ತಮಾಷೆ ಮಾಡಿದರು. ಮಾತಿನಲ್ಲಿ ಸತ್ಯವಿತ್ತು. ಈ ವ್ಯಾಪಾರದ ಮತ್ತೊಂದು ತುದಿಯಲ್ಲಿ, ಈಜಿಪ್ಟಿನ ಕೆಂಪುಸಮುದ್ರದ ದಂಡೆಯಲ್ಲಿ, ಬೆರೆನಿಕೆ ಎಂಬ ಬಂದರಿನ ಪಾಳು ಮರಳಿನ ನಡುವೆ ಇಂದಿಗೂ ಇದೆ. ಅಲ್ಲಿ ರೋಮನ್ನರ ಕಾಲದ ಗುಡಿಗಳಿವೆ, ಗೋಡೆಗಳಿವೆ. ಎಲ್‌ಟಿಸಿ ದೇಶದ ಗಡಿಯೊಳಗಷ್ಟೇ ದೊರೆಯುವುದರಿಂದ ನಾವು ಅವನ್ನು ಚಿತ್ರಗಳಲ್ಲಿ ಮಾತ್ರ ನೋಡಿದ್ದೇವೆ. 2022ರಲ್ಲಿ ಅಲ್ಲಿನ ಐಸಿಸ್ ದೇವಿಯ ಗುಡಿಯ ಮುಂದಣ ಅಂಗಳದಲ್ಲಿ ಅಮೃತಶಿಲೆಯ ಬುದ್ಧನ ಮೂರ್ತಿಯೊಂದು ಸಿಕ್ಕಿತು. ನಾವು ಪಟ್ಟಣಂನ ಮಣ್ಣಿನಲ್ಲಿ ಹುಡುಕಿದ ಪರದೇಶಿಯ ದೇವರ ಜಾಗದಲ್ಲಿ, ಅಲ್ಲಿ ನಮ್ಮ ಕಡೆಯವನೇ ನಿಂತಿದ್ದ.

ಅದಕ್ಕೂ ಬಹಳ ಮೊದಲು, ಅದೇ ಊರಿನ ಸೆರಾಪಿಸ್ ದೇವರ ಗುಡಿಯ ಅಂಗಳದ ನೆಲದಲ್ಲಿ ಹೂತಿದ್ದ ದೊಡ್ಡ ಜಾಡಿಯೊಂದನ್ನು ಪುರಾತತ್ತ್ವಜ್ಞರು ಹೊರತೆಗೆದರು. ಜಾಡಿ ಭಾರತದಲ್ಲಿ ಮಾಡಿದ್ದು, ಮೊದಲನೆಯ ಶತಮಾನದ್ದು. ಒಳಗೆ ಏಳೂವರೆ ಕಿಲೋಗ್ರಾಂ ಕರಿಮೆಣಸು, ಕಾಳುಕಾಳಾಗಿ, ಹಾಗೆಯೇ ಇತ್ತು.